ಖಾಲಿ ಬಿದ್ದ ಹಳೆಯ ತಾಲ್ಲೂಕು ಆಸ್ಪತ್ರೆ: ಕೆಡವುವ ಠರಾವಿಗೆ ಮೊದಲು

ಪ್ರಶ್ನೆ: ನಾನು ಒಂದು ತಾಲ್ಲೂಕು ಕೇಂದ್ರದ ಪುರಸಭೆಗೆ ಮೊದಲ ಬಾರಿ ಆಯ್ಕೆಯಾದ ಸದಸ್ಯೆ. ನನ್ನ ವಾರ್ಡಿನಲ್ಲಿ, ಬಸ್ ನಿಲ್ದಾಣದ ಹಿಂದೆಯೇ ಹಳೆಯ ಸರ್ಕಾರಿ ಆಸ್ಪತ್ರೆ ಇದೆ. ನಾಲ್ಕು ವರ್ಷದ ಹಿಂದೆ ಬೈಪಾಸ್ ಬದಿಯಲ್ಲಿ ಹೊಸ ಆಸ್ಪತ್ರೆ ಕಟ್ಟಿ ಎಲ್ಲವನ್ನೂ ಅಲ್ಲಿಗೆ ಒಯ್ದರು. ಅಂದಿನಿಂದ ಇದಕ್ಕೆ ಬೀಗ. ಮುಂಭಾಗ ಮೈಸೂರು ಸಂಸ್ಥಾನದ ಕಾಲದ ಗಾರೆ ಕಟ್ಟಡ, ಹಿಂದೆ 1980ರ ದಶಕದ, ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿನ ಎರಡು ಅಂತಸ್ತಿನ ಆರ್‌ಸಿಸಿ ವಾರ್ಡು. ಎಲ್ಲವನ್ನೂ ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟುವ ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಗ್ರಂಥಾಲಯವಾಗಲಿ, ವಿದ್ಯಾರ್ಥಿನಿಲಯವಾಗಲಿ, ಪುರಸಭೆಯ ಕಚೇರಿಯಾಗಲಿ ಎನ್ನುವವರೂ ಇದ್ದಾರೆ. ಆದರೆ ಜನರಲ್ಲಿ ಭಯವಿದೆ. ಎಕ್ಸ್‌ರೇ ಕೊಠಡಿಯಲ್ಲಿ ವಿಕಿರಣ ಉಳಿದಿದೆ, ಕ್ಷಯದ ವಾರ್ಡಿನ ಗೋಡೆಯಲ್ಲಿ ರೋಗಾಣು ಸೇರಿಕೊಂಡಿದೆ, ಶವಾಗಾರವಿದ್ದ ಜಾಗದಲ್ಲಿ ಮಕ್ಕಳನ್ನು ಇಡುವುದು ಹೇಗೆ ಎನ್ನುತ್ತಾರೆ. ವಾರ್ಡಿನ ವಯಸ್ಸಾದ ಹೆಂಗಸರು ಕೇಳುವುದೇ ಬೇರೆ: ‘ಬಿ.ಪಿ. ಮಾತ್ರೆಗೆ ಆಟೊ ಮಾಡಿಕೊಂಡು ಬೈಪಾಸ್‌ವರೆಗೆ ಹೋಗಬೇಕಲ್ಲಮ್ಮ, ಇಲ್ಲೊಬ್ಬ ಡಾಕ್ಟರನ್ನು ಕೂರಿಸುವುದಕ್ಕೆ ಆಗುವುದಿಲ್ಲವೇ?’ ಸಭೆಯಲ್ಲಿ ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಕಟ್ಟಡ ಜನರಿಗೆ ಅಪಾಯಕಾರಿಯೇ ಎಂಬುದು ಒಂದು. ಇದನ್ನು ಏನು ಮಾಡಬೇಕು, ಅದನ್ನು ನಿರ್ಧರಿಸುವ ಹಕ್ಕು ಯಾರದು ಎಂಬುದು ಇನ್ನೊಂದು. ಲೋಕೋಪಯೋಗಿ ಇಲಾಖೆಯಲ್ಲಿದ್ದಷ್ಟು ಕಾಲ ಇಂಥ ಕಟ್ಟಡಗಳ ಪರಿಶೀಲನೆ ನನ್ನ ಕೆಲಸದ ಭಾಗವಾಗಿತ್ತು. ಸಭೆಗಳಲ್ಲಿ ಮೊದಲ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎರಡನೆಯದನ್ನು ಅವಸರದಲ್ಲಿ ಮುಗಿಸಿಬಿಡುವುದನ್ನು ಅನೇಕ ಊರುಗಳಲ್ಲಿ ನೋಡಿದ್ದೇನೆ. ‘ಶಿಥಿಲವಾಗಿದೆ, ಅಪಾಯ, ಕೆಡವೋಣ’ ಎಂದರೆ ಚರ್ಚೆಯೇ ನಿಂತುಹೋಗುತ್ತದೆ. ಆದ್ದರಿಂದ ಭಯದ ಮಾತನ್ನು ಮೊದಲು ಬಿಡಿಸಿ ನೋಡೋಣ.

ಎಕ್ಸ್‌ರೇ ಕೊಠಡಿಯಲ್ಲಿ ವಿಕಿರಣ ಉಳಿಯುವುದಿಲ್ಲ. ಯಂತ್ರದ ಕೊಳವೆಗೆ ವಿದ್ಯುತ್ ಹರಿದಾಗ ಮಾತ್ರ ಎಕ್ಸ್‌ ಕಿರಣ ಹುಟ್ಟುತ್ತದೆ, ಸ್ವಿಚ್ ಆರಿಸಿದ ಕ್ಷಣಕ್ಕೆ ಅದೂ ಇಲ್ಲ. ಗೋಡೆ, ಬಾಗಿಲು, ಮೇಜು ಯಾವುದೂ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗೆಂದು ಈ ಭಯ ಪೂರ್ತಿ ಗಾಳಿಮಾತಲ್ಲ, ಅದಕ್ಕೊಂದು ಮೂಲವಿದೆ. ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ ಒಂದು ವಿಕಿರಣ ಚಿಕಿತ್ಸಾ ಕೇಂದ್ರ ಬೇರೆಡೆಗೆ ಹೋದಾಗ ಸೀಸಿಯಂ-137 ಇದ್ದ ಯಂತ್ರವನ್ನು ಹಳೆಯ ಕಟ್ಟಡದಲ್ಲೇ ಬಿಟ್ಟಿತು. 1987ರಲ್ಲಿ ಗುಜರಿಗೆಂದು ಅದನ್ನು ಬಿಚ್ಚಿದರು. ನಾಲ್ವರು ಸತ್ತರು, 249 ಮಂದಿಯ ಮೈಗೆ ವಿಕಿರಣ ವಸ್ತು ತಗುಲಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಬಂದ ಕೋಬಾಲ್ಟ್-60 ಒಬ್ಬರ ಜೀವ ತೆಗೆಯಿತು. ಅದು ಆಸ್ಪತ್ರೆಯದಲ್ಲ, ವಿಶ್ವವಿದ್ಯಾಲಯದ ಪ್ರಯೋಗಾಲಯದ್ದು. ಎರಡೂ ಕಡೆ ಇದ್ದದ್ದು ತನ್ನಷ್ಟಕ್ಕೇ ವಿಕಿರಣ ಸೂಸುವ ವಸ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಇರುವುದಿಲ್ಲ. ನೀವು ಕೇಳಬೇಕಾದದ್ದು ಇಷ್ಟೇ: ಎಕ್ಸ್‌ರೇ ಯಂತ್ರ ಇನ್ನೂ ಒಳಗಿದೆಯೇ? ಇದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಿ ಕ್ರಮಬದ್ಧವಾಗಿ ಸೇವೆಯಿಂದ ತೆಗೆಯಬೇಕು, ಗುಜರಿಗೆ ತೂಕ ಹಾಕುವಂತಿಲ್ಲ.

ಕ್ಷಯದ ರೋಗಾಣುವಿನ ಮಾತು. ಅದು ಗಾಳಿಯಲ್ಲಿ, ರೋಗಿಯ ಕೆಮ್ಮಿನಿಂದ ಹರಡುವಂಥದ್ದು. ಬಿಸಿಲು ಬಿದ್ದರೆ ಬೇಗನೆ ಸಾಯುತ್ತದೆ. ರೋಗಿಗಳೇ ಇಲ್ಲದೆ ನಾಲ್ಕು ವರ್ಷ ಕಳೆದ ಗೋಡೆಯಿಂದ ಯಾರಿಗೂ ಕ್ಷಯ ಅಂಟುವುದಿಲ್ಲ. ಕಿಟಕಿ ತೆರೆದು, ತೊಳೆದು, ಸುಣ್ಣ ಬಳಿದರೆ ಆ ಕೊಠಡಿ ಬೇರೆ ಯಾವುದೇ ಕೊಠಡಿಯಷ್ಟೇ ಸುರಕ್ಷಿತ.

ನಿಜವಾದ ಅಪಾಯಗಳು ಬೇರೆ ಇವೆ, ಅವುಗಳ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಒಡೆದ ಥರ್ಮಾಮೀಟರ್, ಹಳೆಯ ಬಿ.ಪಿ. ಉಪಕರಣಗಳಿಂದ ಚೆಲ್ಲಿದ ಪಾದರಸ ನೆಲದ ಬಿರುಕುಗಳಲ್ಲಿ ಕುಳಿತಿರುತ್ತದೆ. ಮುಚ್ಚಿದ ಕೊಠಡಿಯಲ್ಲಿ ಅದರ ಆವಿ ಒಳ್ಳೆಯದಲ್ಲ, ಮಕ್ಕಳಿಗಂತೂ ಅಲ್ಲವೇ ಅಲ್ಲ. ಶೆಡ್ಡಿನ, ಹಾದಿಯ ಮೇಲಿನ ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳನ್ನು ಒಡೆದು ಇಳಿಸಿದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ನಾರು ಗಾಳಿಗೆ ಸೇರುತ್ತದೆ. ನೀರು ಹಾಯಿಸಿ, ಇಡಿಯಾಗಿ ಇಳಿಸಬೇಕು. ಬಾವಲಿ, ಪಾರಿವಾಳಗಳ ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಬಾರದು.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಹಿತ್ತಲಿನ ಗುಂಡಿ. 1998ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳಲ್ಲಿ ಅಂಗಾಂಶ ತ್ಯಾಜ್ಯವನ್ನು ಆಳವಾಗಿ ಹೂಳಲು ಅವಕಾಶ ಕೊಟ್ಟಿದ್ದವು. ಸೂಜಿ, ಬ್ಲೇಡುಗಳಿಗೂ ಪ್ರತ್ಯೇಕ ಗುಂಡಿ ಇರುತ್ತಿತ್ತು. 2016ರ ನಿಯಮಗಳು ಹೂಳುವುದನ್ನು ತೀರಾ ಬಿಗಿಗೊಳಿಸಿದವು, ಆದರೆ ಅದಕ್ಕೆ ಮೊದಲು ಹೂತದ್ದು ಅಲ್ಲೇ ಇದೆ. ವಾಣಿಜ್ಯ ಸಂಕೀರ್ಣದ ನೆಲಮಾಳಿಗೆಗೆ ಜೆಸಿಬಿ ಇಳಿಯುವ ಮೊದಲು ಆ ಗುಂಡಿಗಳು ಎಲ್ಲಿವೆ ಎಂದು ಯಾರಾದರೂ ಗುರುತು ಹಾಕಿದ್ದಾರೆಯೇ? ಅಲ್ಲಿ ಕೆಲಸ ಮಾಡಿ ನಿವೃತ್ತರಾದ ಗ್ರೂಪ್ ‘ಡಿ’ ನೌಕರರನ್ನು ಕರೆಸಿ ಕೇಳಿ, ಯಾವ ನಕ್ಷೆಯಲ್ಲೂ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ. ಹಾಗೆಯೇ ಕಪಾಟುಗಳನ್ನು ತೆರೆಸಿ ನೋಡಿ. ಸ್ಥಳಾಂತರದ ಗಡಿಬಿಡಿಯಲ್ಲಿ ರೋಗಿಗಳ ದಾಖಲೆ, ಮೆಡಿಕೊ-ಲೀಗಲ್ (ಪೊಲೀಸರಿಗೆ ತಿಳಿಸಬೇಕಾದ) ಪ್ರಕರಣಗಳ ರಿಜಿಸ್ಟರ್, ಅವಧಿ ಮುಗಿದ ಔಷಧ ಉಳಿದಿರುವುದು ಸಾಮಾನ್ಯ. ಯಾರದೋ ಮನೆಯ ಹೆಣ್ಣುಮಗಳ ಪ್ರಕರಣದ ಕಾಗದ ಗುಜರಿ ಅಂಗಡಿಗೆ ಹೋಗಬಾರದು.

ಶವಾಗಾರದ ವಿಷಯದಲ್ಲಿ ಜನರನ್ನು ಮೂಢರೆಂದು ಜರೆಯಬೇಡಿ. ಅದು ರೋಗದ ಮಾತಲ್ಲ, ಮನಸ್ಸಿನ ಮಾತು. ಸಾಮಾನ್ಯವಾಗಿ ಅದು ಹಿಂಬದಿಯ ಬೇರೆಯೇ ಪುಟ್ಟ ಕಟ್ಟಡವಾಗಿರುತ್ತದೆ, ಅದೊಂದನ್ನು ತೆಗೆಯುವುದರಿಂದ ನಷ್ಟವೇನೂ ಇಲ್ಲ. ಆದರೆ ಮರಣೋತ್ತರ ಪರೀಕ್ಷೆ ಈಗಲೂ ಅಲ್ಲೇ ನಡೆಯುತ್ತಿದೆಯೇ ಎಂದು ವಿಚಾರಿಸಿ. ಆಸ್ಪತ್ರೆ ಹೋದರೂ ಶವಾಗಾರ ಹಳೆಯ ಜಾಗದಲ್ಲೇ ಉಳಿದ ಊರುಗಳಿವೆ.

ಇನ್ನು ‘ಶಿಥಿಲ’ ಎಂಬ ಪದ. ನೀವು ಹೇಳುವ ಎರಡು ಕಟ್ಟಡಗಳ ಜಾತಿಯೇ ಬೇರೆ, ಅವನ್ನು ಒಂದೇ ವರದಿಯಲ್ಲಿ ಸೇರಿಸಿದರೆ ಅನ್ಯಾಯವಾಗುತ್ತದೆ. ನನ್ನ ಅನುಭವದಲ್ಲಿ ಇಂಥ ಆವರಣಗಳಲ್ಲಿ ಮೊದಲು ಸೋಲುವುದು ಹಿಂದಿನ ಆರ್‌ಸಿಸಿ ಭಾಗವೇ. ಕಬ್ಬಿಣದ ಮೇಲೆ ಕಾಂಕ್ರೀಟಿನ ಹೊದಿಕೆ ತೆಳುವಾಗಿದ್ದು, ತಾರಸಿಯ ನೀರು ಇಳಿದು, ಕಂಬಿ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟು ಹೆಕ್ಕಳಿಕೆಯಾಗಿ ಉದುರುತ್ತದೆ. ಸಜ್ಜಾಗಳು ಮೊದಲು ಬೀಳುತ್ತವೆ. ಮುಂದಿನ ಗಾರೆ ಕಟ್ಟಡದಲ್ಲಿ ತುಕ್ಕು ಹಿಡಿಯುವ ಕಂಬಿಗಳು ಕಡಿಮೆ, ದಪ್ಪ ಗೋಡೆಗಳೇ ಭಾರ ಹೊರುತ್ತವೆ. ಅದರ ಶತ್ರು ನೀರು, ಆಮೇಲೆ ನಾವು ಮಾಡುವ ಸಿಮೆಂಟ್ ದುರಸ್ತಿ. ಸುಣ್ಣದ ಗೋಡೆ ಹೀರಿದ ತೇವವನ್ನು ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿ, ಗಾರೆ ಪುಡಿಯಾಗಿ, ಮರದ ತೊಲೆಯ ತುದಿ ಕೊಳೆಯುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಆ ಪದರವೇ ಒಳಗಿನಿಂದ ಕಟ್ಟಡವನ್ನು ಕೊಲ್ಲುತ್ತದೆ. ದುರಸ್ತಿಗೆ ಸುಣ್ಣವೇ ಬೇಕು, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೇ ಬೇಕು. ಎಸ್‌.ಆರ್. (ಇಲಾಖೆಯ ದರಪಟ್ಟಿ) ದರದ ಮಾಮೂಲಿ ಗಿಲಾವು ಅಂದಾಜು ಪಟ್ಟಿಗೆ ಹಾಕಿ ಟೆಂಡರ್ ಕರೆಯುವುದು ಈ ಕಟ್ಟಡಕ್ಕೆ ಮಾಡುವ ಅಪಚಾರ.

ಯಾವ ಎಂಜಿನಿಯರೂ ಅಂಗಳದಲ್ಲಿ ನಿಂತು ಕಣ್ಣಳತೆಯಲ್ಲಿ ‘ವಾಸಯೋಗ್ಯವಲ್ಲ’ ಎಂದು ಬರೆಯಬಾರದು. ಆರ್‌ಸಿಸಿ ಭಾಗಕ್ಕೆ ರಿಬೌಂಡ್ ಹ್ಯಾಮರ್ (ಬಡಿದು ಗಟ್ಟಿತನ ನೋಡುವ) ಮತ್ತು ಅಲ್ಟ್ರಾಸಾನಿಕ್ (ಶಬ್ದದ ಅಲೆ ಹಾಯಿಸುವ) ಪರೀಕ್ಷೆ, ಕೋರ್ (ಕಾಂಕ್ರೀಟಿನ ತುಂಡು) ತೆಗೆದು ಬಲ ಪರೀಕ್ಷೆ, ಕಂಬಿಯ ತುಕ್ಕಿನ ಅಳತೆ ಮಾಡಿಸಬೇಕು. ಹತ್ತಿರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಕೇಳಬಹುದು. ಎರಡು ಕಟ್ಟಡಕ್ಕೆ ಎರಡು ವರದಿ ಕೊಡಿ ಎಂದು ಸಭೆಯಲ್ಲಿ ಪಟ್ಟು ಹಿಡಿಯಿರಿ. ವರದಿ ‘ಕೆಡವಿ’ ಎಂದರೆ ಕೆಡವಲೇಬೇಕು. ಹಳೆಯದೆಂಬ ಮಮತೆಗೆ ಜೀವಗಳನ್ನು ಒತ್ತೆಯಿಡುವಂತಿಲ್ಲ.

ಈಗ ಹಕ್ಕಿನ ಪ್ರಶ್ನೆ. ಇಲ್ಲಿ ನಿಮ್ಮ ಸಭೆ ಎಡವುವ ಸಾಧ್ಯತೆ ಹೆಚ್ಚು. ಸಂವಿಧಾನದಲ್ಲಿ ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ, ತಾಲ್ಲೂಕು ಆಸ್ಪತ್ರೆ ನಡೆಸುವುದು ಆರೋಗ್ಯ ಇಲಾಖೆ. ಕಟ್ಟಡ ಪುರಸಭೆಯ ವ್ಯಾಪ್ತಿಯೊಳಗಿದೆ ಎಂದ ಮಾತ್ರಕ್ಕೆ ಅದು ಪುರಸಭೆಯ ಆಸ್ತಿಯಲ್ಲ. ಪಹಣಿ ಅಥವಾ ನಗರ ಮಾಪನದ ದಾಖಲೆಯಲ್ಲಿ ಯಾರ ಹೆಸರಿದೆ, ಪುರಸಭೆಯ ಆಸ್ತಿ ವಹಿಯಲ್ಲಿ ಇದು ಇದೆಯೇ ಎಂದು ಮೊದಲು ನೋಡಿ. ಆರೋಗ್ಯ ಇಲಾಖೆಯದಾಗಿದ್ದರೆ ನಿಮ್ಮ ಠರಾವಿಗೆ ಒಂದು ಮನವಿಯಷ್ಟೇ ಬೆಲೆ. ಸಾರ್ವಜನಿಕ ಉದ್ದೇಶಕ್ಕೆಂದು ಕಾದಿರಿಸಿದ ಸರ್ಕಾರಿ ಜಮೀನನ್ನು ಬೇರೆಯದಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು. ಒಂದು ವೇಳೆ ಪುರಸಭೆಯದೇ ಆಗಿದ್ದರೂ, ಮಾರಾಟ ಮತ್ತು ದೀರ್ಘ ಗುತ್ತಿಗೆಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 72ನೇ ಕಲಮು ಕಟ್ಟುಪಾಡು ಹಾಕಿದೆ. ಊರಿನ ಮಹಾ ಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಈ ಜಾಗ ಸಾರ್ವಜನಿಕ ಬಳಕೆಯ ವಲಯದಲ್ಲಿದ್ದರೆ, ವಾಣಿಜ್ಯಕ್ಕೆ ತಿರುಗಿಸಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಭೂಬಳಕೆ ಬದಲಾವಣೆ ಆಗಬೇಕು, ಜನರ ಆಕ್ಷೇಪಣೆ ಕೇಳಬೇಕು.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳುತ್ತೇನೆ: ದಾನಪತ್ರ. ಆ ಕಾಲದ ಅನೇಕ ಊರ ಆಸ್ಪತ್ರೆಗಳು ವರ್ತಕರ, ಜಮೀನುದಾರರ ದಾನದಿಂದ ಎದ್ದವು. ಗೋಡೆಯಲ್ಲಿ ಕಲ್ಲಿನ ಫಲಕವಿದೆಯೇ ನೋಡಿ. ‘ಹೆರಿಗೆ ಆಸ್ಪತ್ರೆಗಾಗಿ ಮಾತ್ರ’ ಎಂಬಂಥ ಷರತ್ತು ಪತ್ರದಲ್ಲಿದ್ದರೆ, ಅಂಗಡಿ ಮಳಿಗೆ ಕಟ್ಟಿದ ದಿನ ದಾನಿಯ ವಂಶದವರು ನ್ಯಾಯಾಲಯದ ಮೆಟ್ಟಿಲೇರಬಹುದು. ತಡೆಯಾಜ್ಞೆ ಬಂದರೆ ಅರ್ಧ ಕೆಡವಿದ ಕಟ್ಟಡ, ಅರ್ಧ ಎದ್ದ ಕಂಬಗಳು ವರ್ಷಗಟ್ಟಲೆ ಹಾಗೇ ನಿಲ್ಲುತ್ತವೆ. ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾನಪತ್ರದ ದೃಢೀಕೃತ ನಕಲು ಕೇಳಿ, ಇತರ ಕಡತಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಮಾಲೀಕತ್ವ ಎಷ್ಟು ಗಟ್ಟಿ ಬೀಗವಾಗಬಲ್ಲದು ಎಂಬುದಕ್ಕೆ ನಮ್ಮ ಕೆಜಿಎಫ್‌ ಇದೆ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಆಸ್ಪತ್ರೆ ಬ್ರಿಟಿಷರ ಕಾಲದ್ದು. 2001ರ ಫೆಬ್ರುವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಅದಕ್ಕೂ ಬೀಗ ಬಿತ್ತು. ಆಸ್ತಿ ಕೇಂದ್ರದ ಗಣಿ ಸಚಿವಾಲಯದ ಕೈಯಲ್ಲಿದ್ದುದರಿಂದ ಊರಿನವರು, ನಗರಸಭೆಯವರು ಅದನ್ನು ಹೊರಗಿನಿಂದ ನೋಡುತ್ತ ಉಳಿದರು. ಇಪ್ಪತ್ತು ವರ್ಷ ಹೀಗೇ ಹೋಯಿತು. 2021ರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದು ಹಾಸಿಗೆಗಳೇ ಸಿಗದಾದಾಗ ಸ್ವಯಂಸೇವಕರು ಗಿಡಗಂಟಿ ಕಡಿದು, ಕಸ ಹೊತ್ತು, ಬಣ್ಣ ಬಳಿದು ಸುಮಾರು ಎರಡೇ ವಾರದಲ್ಲಿ ಅದನ್ನು ಚಿಕಿತ್ಸೆಗೆ ಸಜ್ಜುಗೊಳಿಸಿದರು. ನನಗೆ ಈ ಘಟನೆ ಸಂತೋಷದಷ್ಟೇ ಸಂಕಟವನ್ನೂ ಕೊಡುತ್ತದೆ. ಎರಡು ವಾರದಲ್ಲಿ ಆಗುವ ಕೆಲಸಕ್ಕೆ ಆ ಊರು ಇಪ್ಪತ್ತು ವರ್ಷ ಕಾಯಬೇಕಾಯಿತು, ಅದೂ ಜನ ಉಸಿರಿಗಾಗಿ ಒದ್ದಾಡುವ ಹೊತ್ತು ಬರುವವರೆಗೆ.

ನಿಮ್ಮ ಮುಂದಿರುವ ದಾರಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ.

ವಾಣಿಜ್ಯ ಸಂಕೀರ್ಣ ನನಗೆ ಒಪ್ಪಿಗೆಯಿಲ್ಲ. ಪುರಸಭೆಗೆ ಆದಾಯ ಬೇಕು ಎಂಬ ವಾದ ಸುಳ್ಳಲ್ಲ, ಸಂಬಳ, ನೀರು, ಬೀದಿದೀಪದ ಖರ್ಚು ನಿಮ್ಮ ತಲೆಯ ಮೇಲಿದೆ. ಆದರೆ ನಿಮ್ಮ ಊರಿನ ಈಗಿನ ಪುರಸಭೆ ಮಳಿಗೆಗಳಿಗೆ ಒಮ್ಮೆ ಹೋಗಿ ಬನ್ನಿ. ನೆಲ ಅಂತಸ್ತಿನಲ್ಲಿ ಹಳೆಯ ಬಾಡಿಗೆಗೆ ಕುಳಿತವರು ಬಿಡುವುದಿಲ್ಲ, ಮೇಲಂತಸ್ತಿಗೆ ಹರಾಜು ಕೂಗಿದರೂ ಬರುವವರಿಲ್ಲ. ನಾನು ಕಂಡ ಬಹುಪಾಲು ತಾಲ್ಲೂಕು ಕೇಂದ್ರಗಳ ಸ್ಥಿತಿ ಇದು. ಎಷ್ಟು ಮಳಿಗೆ ಖಾಲಿ ಇವೆ, ಎಷ್ಟು ಬಾಡಿಗೆ ಬಾಕಿ ಇದೆ ಎಂಬ ಲೆಕ್ಕವನ್ನು ಮುಖ್ಯಾಧಿಕಾರಿಗಳಿಂದ ಲಿಖಿತವಾಗಿ ಕೇಳಿ, ಆಮೇಲೆ ಹೊಸದರ ಮಾತು. ಊರ ನಡುವೆ ಒಮ್ಮೆ ಕೈಬಿಟ್ಟ ಇಷ್ಟು ದೊಡ್ಡ ಸಾರ್ವಜನಿಕ ಜಾಗ ಮತ್ತೆ ಸಿಗುವುದಿಲ್ಲ.

ಗ್ರಂಥಾಲಯ ಒಳ್ಳೆಯ ಆಲೋಚನೆ, ಆದರೆ ಒಂದು ತಾಂತ್ರಿಕ ಎಚ್ಚರಿಕೆ ಬೇಕು. ಭಾರತೀಯ ಮಾನಕದ ಪ್ರಕಾರ ವಾರ್ಡಿನ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೊ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಪುಸ್ತಕದ ಕಪಾಟು ತುಂಬಿದ ಕೋಣೆಗೆ ಕನಿಷ್ಠ 600 ಕಿಲೊ ಬೇಕು. ಆದ್ದರಿಂದ ಆರ್‌ಸಿಸಿ ವಾರ್ಡಿನ ಮೇಲಂತಸ್ತಿಗೆ ಪುಸ್ತಕ ಒಯ್ಯಬೇಡಿ. ಮುಂಭಾಗದ ಗಾರೆ ಕಟ್ಟಡದ ನೆಲದ ಮೇಲೆ ಕಪಾಟುಗಳನ್ನೂ, ಎತ್ತರದ ಸೂರಿನ ಉದ್ದನೆಯ ವಾರ್ಡಿನಲ್ಲಿ ಓದುವ ಮೇಜುಗಳನ್ನೂ ಇಡಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಬಸ್ ಇಳಿದು ನಡೆದು ಬರುವ ಜಾಗ ಅದು. ಆಸ್ತಿ ತೆರಿಗೆಯ ಜೊತೆಗೆ ಶೇ 6ರ ಗ್ರಂಥಾಲಯ ಕರವನ್ನು ನಿಮ್ಮ ಪುರಸಭೆ ಹೇಗೂ ವಸೂಲು ಮಾಡುತ್ತದೆ. ಅದು ಗ್ರಂಥಾಲಯ ಇಲಾಖೆಗೆ ಸಂದಾಯವಾಗಿದೆಯೇ ಎಂದು ಅದೇ ಸಭೆಯಲ್ಲಿ ಕೇಳಬಹುದು.

ವಿದ್ಯಾರ್ಥಿನಿಲಯಕ್ಕೆ ವಾರ್ಡಿನ ವಿನ್ಯಾಸ ಒಗ್ಗುತ್ತದೆ, ನೆಲದ ಭಾರವೂ ಸರಿಹೋಗುತ್ತದೆ, ಇಳಿಜಾರು ಹಾದಿ ಇದ್ದರೆ ಅಂಗವಿಕಲ ಮಕ್ಕಳಿಗೂ ಅನುಕೂಲ. ಇಲಾಖೆಯ ಹಾಸ್ಟೆಲುಗಳು ಬಾಡಿಗೆ ಕಟ್ಟಡಗಳಲ್ಲಿ ಇಕ್ಕಟ್ಟಿನಲ್ಲಿ ನಡೆಯುವುದನ್ನು ನೀವೂ ನೋಡಿರುತ್ತೀರಿ. ಆದರೆ ಹಿಂದಿನ ಕಟ್ಟಡದ ವರದಿ ಬರುವವರೆಗೆ, ಪಾದರಸದ ಪರಿಶೀಲನೆ ಆಗುವವರೆಗೆ, ಎರಡನೆಯ ಮೆಟ್ಟಿಲು ಮತ್ತು ಅಗ್ನಿ ಸುರಕ್ಷತೆಯ ಏರ್ಪಾಡು ಆಗುವವರೆಗೆ ಒಂದು ಮಗುವನ್ನೂ ಅಲ್ಲಿ ಮಲಗಿಸಬಾರದು. ಪುರಸಭೆಯ ಕಚೇರಿಗೆ ಇದು ಹೊಂದುವುದಿಲ್ಲ. ಉದ್ದನೆಯ ಹಾಲುಗಳನ್ನು ಪ್ಲೈವುಡ್‌ನಿಂದ ಗೂಡುಗಳಾಗಿ ಸೀಳಿ ಗಾಳಿ ಬೆಳಕು ಹಾಳುಮಾಡುತ್ತಾರೆ, ಅಷ್ಟೇ.

ಖಾಸಗಿಯವರಿಗೆ 30 ವರ್ಷದ ಗುತ್ತಿಗೆ ಎಂಬ ಮಾತು ಮುಂದೆ ಬಂದೇ ಬರುತ್ತದೆ. ಬಡವರಿಗೆ ಎಷ್ಟು ಸೇವೆ, ಯಾವ ದರದಲ್ಲಿ, ಕೊಡದಿದ್ದರೆ ಏನು ದಂಡ, ಪರಿಶೀಲಿಸುವವರು ಯಾರು ಎಂಬುದು ಕರಾರಿನಲ್ಲಿ ಅಂಕಿಗಳಲ್ಲಿ ಇಲ್ಲದಿದ್ದರೆ ಅದಕ್ಕೆ ಕೈ ಎತ್ತಬೇಡಿ.

ನಾನು ಮುಂದಿಡುವುದು ನಿಮ್ಮ ವಾರ್ಡಿನ ಆ ಹೆಂಗಸರ ಪ್ರಶ್ನೆಯನ್ನೇ. ಹೊಸ ಆಸ್ಪತ್ರೆ ಊರ ಹೊರಗೆ ಹೋಗುವುದಕ್ಕೆ ಕಾರಣಗಳಿವೆ: ಜಾಗ, ಆಂಬುಲೆನ್ಸ್ ದಾರಿ, ಆಮ್ಲಜನಕ ಘಟಕ. ಹೆರಿಗೆಗೆ, ಅಪಘಾತಕ್ಕೆ ಜನ ಹೇಗಾದರೂ ಅಲ್ಲಿಗೆ ಹೋಗುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗೆ ತಿಂಗಳು ತಿಂಗಳು ಹೋಗಬೇಕಾದವರು ಮಾತ್ರ ಆಟೊ ಬಾಡಿಗೆ ನೋಡಿ ಒಂದು ತಿಂಗಳು ಬಿಡುತ್ತಾರೆ, ಆಮೇಲೆ ಇನ್ನೊಂದು ತಿಂಗಳು. ಪಾರ್ಶ್ವವಾಯು ಹೊಡೆದಾಗ ಆಂಬುಲೆನ್ಸಿನಲ್ಲಿ ಹೋಗುವುದು ಅವರೇ. ಅವರಿಗೆ ನೂರು ಹಾಸಿಗೆ ಬೇಡ. ಒಬ್ಬ ವೈದ್ಯರು, ಒಬ್ಬ ನರ್ಸ್, ರಕ್ತ ಪರೀಕ್ಷೆಗೆ ಒಬ್ಬರು, ಔಷಧ ಕೊಡುವ ಕಿಟಕಿ, ಇಷ್ಟು ಸಾಕು. 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್‌’ಗಳ ಮಾದರಿ ಇದೇ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ‘ಆರೋಗ್ಯ ನಮ್ಮ ಕೆಲಸವಲ್ಲ’ ಎಂದು ಯಾವ ಪುರಸಭೆಯೂ ಹೇಳುವಂತಿಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲೇ ಸಾರ್ವಜನಿಕ ಆರೋಗ್ಯ ಇದೆ.

ಇಡೀ ಆವರಣದ ಭವಿಷ್ಯವನ್ನು ಒಂದೇ ಸಭೆಯಲ್ಲಿ ತೀರ್ಮಾನಿಸಬೇಕಾಗಿಲ್ಲ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಪ್ಯಾರಿಸ್‌ನ ಸೇಂಟ್ ವಿನ್ಸೆಂಟ್ ದೆ ಪಾಲ್ ಆಸ್ಪತ್ರೆ ಮುಚ್ಚಿದ ಮೇಲೆ, ಅಲ್ಲಿ ಹೊಸ ಬಡಾವಣೆಯ ಯೋಜನೆ ಸಿದ್ಧವಾಗುವವರೆಗೆ, 2015ರಿಂದ 2020ರವರೆಗೆ ಮನೆಯಿಲ್ಲದ ನೂರಾರು ಜನರಿಗೆ ವಸತಿ, ಸಣ್ಣ ಸಂಸ್ಥೆಗಳಿಗೆ, ಕುಶಲಕರ್ಮಿಗಳಿಗೆ ಜಾಗ ಕೊಟ್ಟರು. ತಾತ್ಕಾಲಿಕ ಬಳಕೆಯಿಂದ ಕಟ್ಟಡಕ್ಕೆ ಕಾವಲೂ ಸಿಕ್ಕಿತು, ಯಾವುದು ಜನರಿಗೆ ಬೇಕು ಎಂಬುದೂ ತಿಳಿಯಿತು. ಅಪಾಯ ಒಂದಿದೆ: ತಾತ್ಕಾಲಿಕವಾಗಿ ಬಂದವರು ಏಳದಿರಬಹುದು. ಅದಕ್ಕೆ ಅವಧಿ, ಷರತ್ತು, ಬಿಡುವ ದಿನಾಂಕ ಮೊದಲೇ ಬರವಣಿಗೆಯಲ್ಲಿರಬೇಕು.

ಬೀಗ ಹಾಕಿಡುವುದು ಸುರಕ್ಷಿತ ಎಂದು ಯಾರೂ ಭಾವಿಸದಿರಲಿ. ಖಾಲಿ ಕಟ್ಟಡದಲ್ಲಿ ಮೊದಲು ಹೋಗುವುದು ತಾಮ್ರದ ತಂತಿ, ಆಮೇಲೆ ಕಿಟಕಿ, ಬಾಗಿಲು. ಮಳೆನೀರಿನ ಕೊಳವೆಗೆ ಅರಳಿ ಗಿಡ ಬೇರು ಬಿಡುತ್ತದೆ. ಒಂದು ಹೆಂಚು ಸರಿದ ಕಡೆ ಎರಡು ಮಳೆಗಾಲದಲ್ಲಿ ತೊಲೆ ಕೊಳೆಯುತ್ತದೆ. ಆಗ ‘ಶಿಥಿಲ’ ಎಂಬ ವರದಿ ನಿಜವೇ ಆಗಿಬಿಡುತ್ತದೆ.

ಆದ್ದರಿಂದ ಸಭೆಯಲ್ಲಿ ಕೆಡವುವ ವಿಷಯವನ್ನು ಬರೀ ವಿರೋಧಿಸಿ ಕುಳಿತುಕೊಳ್ಳಬೇಡಿ, ಬದಲಿ ಠರಾವನ್ನು ಬರೆದುಕೊಂಡೇ ಹೋಗಿ, ಅನುಮೋದಿಸುವ ಒಬ್ಬ ಸದಸ್ಯರನ್ನು ಮೊದಲೇ ಒಪ್ಪಿಸಿಡಿ. ಮಾಲೀಕತ್ವ ಮತ್ತು ದಾನಪತ್ರದ ದಾಖಲೆಗಳನ್ನು ಮುಖ್ಯಾಧಿಕಾರಿಗಳು ಮುಂದಿನ ಸಭೆಯೊಳಗೆ ಮಂಡಿಸಲಿ. ಎರಡು ಕಟ್ಟಡಗಳ ಪ್ರತ್ಯೇಕ ತಾಂತ್ರಿಕ ವರದಿ ಬರುವವರೆಗೆ ಕೆಡವುವ ವಿಷಯವನ್ನು ಮುಂದೂಡಲಿ. ಎಕ್ಸ್‌ರೇ ಯಂತ್ರ, ಪಾದರಸ, ಔಷಧ, ದಾಖಲೆಗಳ ಪಟ್ಟಿ ಮಾಡಿ ತೆರವುಗೊಳಿಸುವಂತೆ, ತ್ಯಾಜ್ಯದ ಗುಂಡಿಗಳನ್ನು ಗುರುತಿಸುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಪತ್ರ ಹೋಗಲಿ. ಮಳೆಗಾಲಕ್ಕೆ ಮೊದಲು ಹೆಂಚು ಸರಿಪಡಿಸಿ, ನೀರು ಹೋಗುವ ದಾರಿ ಬಿಡಿಸಲು ಸಣ್ಣ ಮೊತ್ತ ಮಂಜೂರಾಗಲಿ. ಕಟ್ಟಡ ಇಲಾಖೆಯದಾದರೆ ಅವರ ಅನುಮತಿ ಪಡೆದೇ ಖರ್ಚು ಮಾಡಿ, ಇಲ್ಲದಿದ್ದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ. ಮುಂಭಾಗದ ಎರಡು ಕೊಠಡಿಗಳಲ್ಲಿ ಹೊರರೋಗಿ ಸೇವೆ ಆರಂಭಿಸುವ ಕೋರಿಕೆಯನ್ನು ಜಿಲ್ಲಾಧಿಕಾರಿಗಳಿಗೂ ತಾಲ್ಲೂಕು ಆಸ್ಪತ್ರೆಯ ನಿರ್ವಹಣೆ ನೋಡುವ ಆರೋಗ್ಯ ರಕ್ಷಾ ಸಮಿತಿಗೂ ಕಳುಹಿಸಿ. ವೈದ್ಯರ ಕೊರತೆ ಎಂಬ ಉತ್ತರ ಬರುತ್ತದೆ. ಹಾಗಿದ್ದರೆ ಹೊಸ ಆಸ್ಪತ್ರೆಯಿಂದಲೇ ವಾರಕ್ಕೆ ಎರಡು ದಿನ, ಬೆಳಗಿನ ಹೊತ್ತು, ಒಬ್ಬ ವೈದ್ಯರನ್ನು ಕಳುಹಿಸಿ ಎಂದು ಕೇಳಿ. ಸಂತೆಯ ದಿನ ಅದರಲ್ಲಿ ಒಂದಾಗಿರಲಿ, ಹಳ್ಳಿಗಳಿಂದ ಬಂದವರಿಗೂ ದಕ್ಕುತ್ತದೆ.